ಹರಿಯುವ ಮಾಹಿತಿ, ಗಣಕದ ನೆನಪು

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ನಮ್ಮ ಕೂಟದಲ್ಲಿ ಗಣಕಯಂತ್ರದ ಕೆಲಸ ಮಾಡುವವರಿಗೇನೂ ಬರವಿಲ್ಲ. ಆದರೆ ಊರಿನಿಂದ ಬಂದ ತಾಯಿ "ದಿನವೆಲ್ಲ ಅದರ ಮುಂದೆ ಕುಳಿತು ಏನು ಮಾಡುತ್ತೀಯಪ್ಪ?" ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ಹರಿದು ಬರುತ್ತಿರುವ ಮಾಹಿತಿಯನ್ನು ಹರಿಯುತ್ತಿರುವಾಗಲೇ ಪರಿಶೀಲಿಸುವ ತಂತ್ರಾಂಶವನ್ನು ಬರೆಯುವುದು ನನ್ನ ಕಸುಬು. ಅದರಲ್ಲಿ ಅತ್ಯಂತ ಕಷ್ಟದ ಭಾಗವೆಂದರೆ ನೆನಪಿಟ್ಟುಕೊಳ್ಳುವುದು. ಇಂದು ಆ ಭಾಗವೊಂದನ್ನೇ ತಮ್ಮ ಮುಂದೆ ಬಿಡಿಸಿಡಲು ಯತ್ನಿಸುತ್ತೇನೆ.

ತಾವು ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟೊಡನೆ ಆ ಖರೀದಿಯ ವಿವರ ಬ್ಯಾಂಕಿನ ಗಣಕವನ್ನು ತಲುಪಿ, ಒಪ್ಪಿಗೆಯೋ ನಿರಾಕರಣೆಯೋ ಕೆಲವೇ ಸೆಕೆಂಡುಗಳಲ್ಲಿ ಮರಳಿ ಬರಬೇಕು. 40 ಡಾಲರಿನ ಒಂದು ಖರೀದಿಯನ್ನಷ್ಟೇ ನೋಡಿದರೆ ಅದು ಸಾಚಾ ವ್ಯವಹಾರವೋ ಕದ್ದ ಕಾರ್ಡಿನದೋ ಎಂದು ಬ್ರಹ್ಮನೂ ಹೇಳಲಾರ. ಇದೇ ಕಾರ್ಡಿನಿಂದ ಕಳೆದ ಒಂದು ಗಂಟೆಯಲ್ಲಿ ಎಷ್ಟು ಖರೀದಿಗಳಾದುವು, ಹಿಂದಿನದು ಯಾವ ಊರಿನಲ್ಲಿ ಆಯಿತು ಎಂಬುದು ತಿಳಿದಿರಬೇಕು. ಹೀಗೆ ಕಳೆದುಹೋದ ಸಂಗತಿಗಳಿಂದ ಉಳಿಸಿಕೊಂಡ ತಿಳಿವಳಿಕೆಗೆ ನಮ್ಮ ವೃತ್ತಿಯಲ್ಲಿ 'ಸ್ಟೇಟ್' ಎನ್ನುತ್ತಾರೆ. ನಾವು 'ಸ್ಥಿತಿ' ಎಂದು ಕರೆಯೋಣ.

ನನ್ನ ತಂದೆಯವರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ಮುಂದೆ ಸದಾ ಎರಡು ಪುಸ್ತಕಗಳಿರುತ್ತಿದ್ದುವು. ಕಿರ್ದಿಯಲ್ಲಿ ದಿನದ ವ್ಯವಹಾರಗಳನ್ನು ನಡೆದ ಕ್ರಮದಲ್ಲಿಯೇ ಒಂದರ ಕೆಳಗೊಂದು ಬರೆಯುವುದು, ಬರೆದುದನ್ನು ಅಳಿಸುವಂತಿಲ್ಲ. ಖಾತೆ ಪುಸ್ತಕದಲ್ಲಿ ಒಬ್ಬೊಬ್ಬ ರೈತನಿಗೂ ಒಂದು ಪುಟ. ಅವನಿಗೆ ಸಲ್ಲಬೇಕಾದ ಬಾಕಿ ಎಷ್ಟೆಂದು ಕೇಳಿದ ಕೂಡಲೆ ಹೇಳಲು ಅದು ಬೇಕು. ಖಾತೆಯ ಪುಟ ಹಾಳಾದರೆ ಕಿರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದು. ನಮ್ಮ ಕ್ಷೇತ್ರದ ಏರ್ಪಾಡೂ ಇದೇ. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ರೂಪುಗೊಂಡು 2011ರಲ್ಲಿ ಎಲ್ಲರಿಗೂ ಮುಕ್ತವಾದ ಕಾಫ್ಕಾ ಎಂಬುದು ಒಂದು ಬೃಹತ್ ಕಿರ್ದಿ. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿದ್ದ ಸ್ಟ್ರಾಟೋಸ್ಫಿಯರ್ ಸಂಶೋಧನೆಯಿಂದ ಹುಟ್ಟಿ, 2014ರಲ್ಲಿ ಅಪಾಚೆ ಪ್ರತಿಷ್ಠಾನವನ್ನು ಸೇರಿದ ಫ್ಲಿಂಕ್ ಎಂಬುದು ಕಿರ್ದಿಯನ್ನು ಓದುತ್ತ ಖಾತೆಯನ್ನು ನಡೆಸುವ ಗುಮಾಸ್ತ.

ಈ ಎರಡು ಪುಸ್ತಕಗಳ ನಡುವಣ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆಂಬುದನ್ನು ನಾನು ಕಷ್ಟಪಟ್ಟೇ ಕಲಿತೆ. ಹಲವು ವರ್ಷಗಳ ಹಿಂದೆ, ಹೆಸರು ಬೇಡ, ಒಂದು ಸಂಸ್ಥೆಯಲ್ಲಿ ಇಂಥದೊಂದು ತಂತ್ರಾಂಶವನ್ನು ನಾವು ಸ್ವಂತವಾಗಿ ಬರೆದೆವು. ಒಂದು ಕಾರ್ಡಿನಿಂದ ಗಂಟೆಯೊಳಗೆ ಐದಕ್ಕಿಂತ ಹೆಚ್ಚು ಖರೀದಿಗಳಾದರೆ ಮುಂದಿನದನ್ನು ತಡೆಯಬೇಕೆಂಬುದು ನಿಯಮ. ಎಣಿಕೆಗಳನ್ನು ನಿಮಿಷಕ್ಕೊಮ್ಮೆ ಭದ್ರಪಡಿಸುತ್ತಿದ್ದೆವು. ಕಿರ್ದಿಯನ್ನು ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತನ್ನು ಮಾತ್ರ ಹತ್ತು ನಿಮಿಷಕ್ಕೊಮ್ಮೆ. ಒಂದು ಸಂಜೆ ಯಂತ್ರ ನಿಂತುಹೋಯಿತು. ಮತ್ತೆ ಚಾಲನೆಗೊಂಡಾಗ ಅದು ಹೊಸ ಎಣಿಕೆಯನ್ನು ಕೈಯಲ್ಲಿಟ್ಟುಕೊಂಡು, ಹಳೆಯ ಗುರುತಿನಿಂದ ಕಿರ್ದಿಯನ್ನು ಓದತೊಡಗಿತು. ಒಂಬತ್ತು ನಿಮಿಷಗಳ ಖರೀದಿಗಳೆಲ್ಲ ಎರಡೆರಡು ಬಾರಿ ಲೆಕ್ಕಕ್ಕೆ ಬಂದುವು. ಆ ಅವಧಿಯಲ್ಲಿ ಮೂರು ಸಣ್ಣ ಖರೀದಿ ಮಾಡಿದ್ದ ಒಬ್ಬ ತಾಯಿಯ ಲೆಕ್ಕ ಆರಾಯಿತು. ಜ್ವರದಲ್ಲಿದ್ದ ಮಗುವಿಗೆ ಔಷಧ ಕೊಳ್ಳಲು ಹೋದಾಗ ಆಕೆಯ ಕಾರ್ಡು ನಡೆಯಲಿಲ್ಲ. ಬೇರೆ ಕಾರ್ಡಿರಲಿಲ್ಲ. ಆಕೆ ಬರೆದ ದೂರಿನ ಪತ್ರ ನಮ್ಮ ವಿಭಾಗಕ್ಕೆ ಬಂದಾಗ ಯಾರೂ ಮಾತನಾಡಲಿಲ್ಲ. ಗುರುತು ಹೊಸದಾಗಿ, ಎಣಿಕೆ ಹಳೆಯದಾಗಿದ್ದಿದ್ದರೆ ತಪ್ಪು ತಿರುವುಮುರುವಾಗುತ್ತಿತ್ತು. ನಡೆದ ಖರೀದಿಗಳು ಮರೆತುಹೋಗಿ ಕಳ್ಳನಿಗೆ ಲಾಭವಾಗುತ್ತಿತ್ತು.

ಎರಡನ್ನೂ ಒಂದೇ ಕ್ಷಣದಲ್ಲಿ ಭದ್ರಪಡಿಸಿದರಾಯಿತಲ್ಲವೆ ಎಂದು ತಾವು ಕೇಳಬಹುದು. ಯಂತ್ರ ಒಂದೇ ಆಗಿದ್ದರೆ ಹೌದು. ಆದರೆ ಕೆಲಸ ಐವತ್ತು ಯಂತ್ರಗಳಿಗೆ ಹಂಚಿಹೋಗಿರುವಾಗ 'ಒಂದೇ ಕ್ಷಣ' ಎಂಬುದೇ ಅಸ್ಪಷ್ಟ. ಒಂದರ ಗಡಿಯಾರ ಇನ್ನೊಂದರದಕ್ಕೆ ಸರಿಹೊಂದದು. ಕೆಲವು ಮಾಹಿತಿ ಒಂದು ಯಂತ್ರವನ್ನು ಬಿಟ್ಟು ಇನ್ನೊಂದನ್ನು ತಲುಪದೆ ದಾರಿಯಲ್ಲಿರುತ್ತದೆ. ಎಲ್ಲವನ್ನೂ ನಿಲ್ಲಿಸಿ ಲೆಕ್ಕ ಬರೆದುಕೊಳ್ಳೋಣವೆಂದರೆ ಅಂಗಡಿಗಳಲ್ಲಿ ಜನ ಕಾಯುತ್ತಿದ್ದಾರೆ.

ಇದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿತ್ತು. ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಬಂದ ಕೆ. ಮಣಿ ಚಾಂಡಿ ಮತ್ತು ಅವರ ಸಹಲೇಖಕ ಲೆಸ್ಲಿ ಲ್ಯಾಂಪೋರ್ಟ್ 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸೊಗಸಾದ ಹೋಲಿಕೆಯಿದೆ. ಆಕಾಶದ ತುಂಬ ವಲಸೆಹಕ್ಕಿಗಳು ಹಾರುತ್ತಿವೆ. ಒಂದೇ ಛಾಯಾಚಿತ್ರದಲ್ಲಿ ಅವೆಲ್ಲವೂ ಹಿಡಿಸವು. ಹಲವರು ಬೇರೆಬೇರೆ ಚಿತ್ರಗಳನ್ನು ತೆಗೆದು ಜೋಡಿಸಬೇಕು. ಹಕ್ಕಿಗಳಿಗೆ ನಿಲ್ಲಿ ಎನ್ನುವಂತಿಲ್ಲ, ಆದರೂ ಜೋಡಿಸಿದ ಚಿತ್ರಕ್ಕೆ ಅರ್ಥವಿರಬೇಕು. ವಲಸೆ ಬಂದ ನಮಗೆ ಈ ಹೋಲಿಕೆ ಇನ್ನಷ್ಟು ಹಿಡಿಸುತ್ತದೆಯೋ ಏನೋ!

ಫ್ಲಿಂಕ್ ಈ ವಿಧಾನದ ಒಂದು ರೂಪಾಂತರವನ್ನು ಬಳಸುತ್ತದೆ. ಮಾಹಿತಿಯ ಪ್ರವಾಹದೊಳಕ್ಕೆ ಆಗಾಗ ಒಂದು ಗಡಿಕಲ್ಲನ್ನು ತೇಲಿಬಿಡಲಾಗುತ್ತದೆ. ಅದನ್ನು ಬಿಡುವಾಗಲೇ ಕಿರ್ದಿಯಲ್ಲಿ ಎಲ್ಲಿದ್ದೇವೆಂಬ ಗುರುತನ್ನು ಬರೆದುಕೊಳ್ಳುತ್ತಾರೆ. ಒಂದು ಯಂತ್ರಕ್ಕೆ ನಾಲ್ಕು ಕಡೆಯಿಂದ ಪ್ರವಾಹ ಬರುತ್ತಿದ್ದರೆ, ನಾಲ್ಕರಿಂದಲೂ ಗಡಿಕಲ್ಲು ಬರುವವರೆಗೆ ಅದು ಕಾದು, ತನ್ನ ಖಾತೆಯ ಪ್ರತಿಯನ್ನು ತೆಗೆದು, ಗಡಿಕಲ್ಲನ್ನು ಮುಂದಕ್ಕೆ ಕಳುಹಿಸುತ್ತದೆ. ಹೀಗಾಗಿ ಎಲ್ಲ ಪ್ರತಿಗಳಲ್ಲಿಯೂ ಗಡಿಕಲ್ಲಿಗಿಂತ ಮುಂಚಿನದೆಲ್ಲ ಸೇರಿರುತ್ತದೆ. ನಂತರದ್ದು ಯಾವುದೂ ಸೇರಿರುವುದಿಲ್ಲ. ಎಲ್ಲ ಯಂತ್ರಗಳೂ ಪ್ರತಿ ಕೊಟ್ಟ ಮೇಲೆ ಒಂದು 'ಚೆಕ್‌ಪಾಯಿಂಟ್' ಪೂರ್ಣವಾಗುತ್ತದೆ. ಯಾವುದೋ ಯಂತ್ರ ಕೆಟ್ಟರೆ ಉಳಿದವೂ ಆ ಗಡಿಗೆ ಹಿಂತಿರುಗಿ, ಅಲ್ಲಿಯ ಗುರುತಿನಿಂದ ಕಿರ್ದಿಯನ್ನು ಮತ್ತೆ ಓದುತ್ತವೆ. ಆ ತಾಯಿಯ ಮೂರು ಖರೀದಿಗಳು ಮೂರಾಗಿಯೇ ಉಳಿಯುತ್ತಿದ್ದುವು.

ಇನ್ನು ಖಾತೆಯನ್ನು ಇಡುವುದೆಲ್ಲಿ? ಯಂತ್ರದ ಕ್ಷಿಪ್ರಸ್ಮೃತಿಯಲ್ಲಿಟ್ಟರೆ ವೇಗ ಹೆಚ್ಚು, ಸ್ಥಳ ಕಡಿಮೆ. ಕೋಟ್ಯಂತರ ಕಾರ್ಡುಗಳಾದಾಗ ಡಿಸ್ಕಿಗೆ ಇಳಿಯಲೇಬೇಕು. ಅಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ರಾಕ್ಸ್‌ಡಿಬಿ. ಗೂಗಲ್‌ನ ಲೆವೆಲ್‌ಡಿಬಿಯನ್ನು ಆಧರಿಸಿ 2012ರಲ್ಲಿ ಫೇಸ್‌ಬುಕ್ ಸಂಸ್ಥೆಯಲ್ಲಿ ಇದರ ಕೆಲಸ ಆರಂಭವಾಯಿತು. ಮೂಲತತ್ತ್ವವನ್ನು 1996ರಲ್ಲೇ ಪ್ಯಾಟ್ರಿಕ್ ಓನೀಲ್ ಮತ್ತು ಸಂಗಡಿಗರು ವಿವರಿಸಿದ್ದರು. ಹೊಸ ನಮೂದುಗಳು ಮೊದಲು ಸ್ಮೃತಿಯಲ್ಲಿರುವ ಒಂದು ಹಾಳೆಯನ್ನು ಸೇರುತ್ತವೆ. ಹಾಳೆ ತುಂಬಿದಾಗ ಅದನ್ನು ಕ್ರಮವಾಗಿ ಜೋಡಿಸಿ ಡಿಸ್ಕಿನಲ್ಲಿ ಒಂದು ಕಡತವಾಗಿ ಬರೆದಿಡುತ್ತಾರೆ. ಆ ಕಡತವನ್ನು ಮತ್ತೆ ತಿದ್ದುವುದಿಲ್ಲ. ಬಿಡುವಾದಾಗ ಹಲವು ಕಡತಗಳನ್ನು ಒಂದಾಗಿ ಬೆರೆಸಿ, ಹಳತಾದ ಬೆಲೆಗಳನ್ನು ಕೈಬಿಡುತ್ತಾರೆ. ಬರೆಯುವುದು ಇದರಿಂದ ಬಹಳ ಚುರುಕು. ಓದುವಾಗ ಮಾತ್ರ ಹೊಸ ಕಡತದಿಂದ ಹಳೆಯದರವರೆಗೆ ಹುಡುಕಬೇಕಾದೀತು. ಕಡತಗಳು ಬದಲಾಗದಿರುವುದರಿಂದ ಇನ್ನೊಂದು ಉಪಕಾರವೂ ಉಂಟು: ಮುಂದಿನ ಚೆಕ್‌ಪಾಯಿಂಟಿಗೆ ಹೊಸ ಕಡತಗಳನ್ನಷ್ಟೇ ದೂರದ ಉಗ್ರಾಣಕ್ಕೆ ಕಳುಹಿಸಿದರೆ ಸಾಕು. 2025ರ ಮಾರ್ಚಿನಲ್ಲಿ ಬಂದ ಫ್ಲಿಂಕ್ 2.0 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲ ಖಾತೆಯನ್ನೇ ಆ ಉಗ್ರಾಣದಲ್ಲಿಟ್ಟು, ಹತ್ತಿರದ ಡಿಸ್ಕನ್ನು ತಾತ್ಕಾಲಿಕ ಕಪಾಟಿನಂತೆ ಬಳಸುವ ಅವಕಾಶವನ್ನು ಕಲ್ಪಿಸಿದೆ.

ಉಗ್ರಾಣ ಎಷ್ಟೇ ದೊಡ್ಡದಿರಲಿ, ಮರೆಯುವುದನ್ನು ಕಲಿಸದಿದ್ದರೆ ತುಂಬಿಯೇ ತುಂಬುತ್ತದೆ. ಹೊಸಬರು ಬರೆದ ತಂತ್ರಾಂಶದಲ್ಲಿ ನಾನು ಮೊದಲು ಹುಡುಕುವ ದೋಷ ಇದೇ. ಪ್ರತಿಯೊಂದು ಖರೀದಿಯ ಕ್ರಮಸಂಖ್ಯೆಯನ್ನೂ ಮತ್ತೆ ಬಂದರೆ ಗುರುತಿಸಲೆಂದು ಕಾಪಾಡುತ್ತಾರೆ. ಎಂದು ಬಿಡಬೇಕೆಂದು ಹೇಳಿರುವುದಿಲ್ಲ. ಪರೀಕ್ಷೆಯ ವಾರದಲ್ಲಿ ಏನೂ ಕಾಣದು, ಕೆಲವು ತಿಂಗಳ ನಂತರ ಒಂದು ರಾತ್ರಿ ಡಿಸ್ಕು ತುಂಬಿ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಪ್ರತಿ ನಮೂದಿಗೂ ಒಂದು ಆಯುಸ್ಸನ್ನು ಗೊತ್ತುಪಡಿಸಬೇಕು. ಅದು ತೀರ ಕಡಿಮೆಯಾದರೂ ಕಷ್ಟ. ಬೆಂಗಳೂರಿಗೆ ಹಾರುವಾಗ ವಿಮಾನದೊಳಗೆ ತಾವು ಕೊಂಡ ಸಾಮಾನಿನ ವಿವರ ಕೆಲವೊಮ್ಮೆ ವಿಮಾನ ಇಳಿದ ಮೇಲಷ್ಟೇ ಬ್ಯಾಂಕನ್ನು ತಲುಪುತ್ತದೆ. ಘಟನೆ ನಡೆದ ಹೊತ್ತು ಒಂದು, ಸುದ್ದಿ ಬಂದ ಹೊತ್ತು ಇನ್ನೊಂದು. ಎಷ್ಟು ತಡವಾಗಿ ಬಂದವರಿಗೆ ಬಾಗಿಲು ತೆರೆದಿಡಬೇಕೆಂಬುದನ್ನು ಗಣಕ ಹೇಳಲಾರದು. ವ್ಯವಹಾರ ಬಲ್ಲವರು ಕುಳಿತು ನಿರ್ಧರಿಸಬೇಕು.

ಯಂತ್ರಗಳ ಸಂಖ್ಯೆಯನ್ನು ಹೆಚ್ಚಿಸುವಾಗಿನ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಫ್ಲಿಂಕ್ ಖಾತೆಗಳನ್ನು ಮೊದಲೇ ಇಂತಿಷ್ಟು ಕಟ್ಟುಗಳಾಗಿ, ಉದಾಹರಣೆಗೆ 128 ಆಗಿ, ವಿಂಗಡಿಸಿರುತ್ತದೆ. ಹೊಸ ಯಂತ್ರ ಬಂದರೆ ಇಡೀ ಕಟ್ಟುಗಳು ಕೈಬದಲಾಗುತ್ತವೆ. ಕಟ್ಟುಗಳ ಸಂಖ್ಯೆಗಿಂತ ಹೆಚ್ಚು ಕೈಗಳಿಗೆ ಕೆಲಸ ಹಂಚಲಾಗದು. ಹಳೆಯ ಖಾತೆಯನ್ನು ಉಳಿಸಿಕೊಂಡು ಆ ಸಂಖ್ಯೆಯನ್ನು ಬದಲಾಯಿಸಲೂ ಆಗದು. ಮನೆ ಕಟ್ಟುವಾಗಲೇ ಕೋಣೆಗಳನ್ನು ಯೋಚಿಸಿದ ಹಾಗೆ ಇದನ್ನೂ ಯೋಚಿಸಬೇಕು.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. "ಲೆಕ್ಕ ಒಮ್ಮೆಯೇ ಆಗುತ್ತದೆ ಎನ್ನುತ್ತೀರಿ. ಹಾಗಾದರೆ ನನಗೆ ಒಂದೇ ಖರೀದಿಗೆ ಬ್ಯಾಂಕಿನಿಂದ ಎರಡು ಸಂದೇಶಗಳು ಬಂದದ್ದೇಕೆ?" ಅವರ ಬ್ಯಾಂಕಿನೊಳಗೆ ಏನಾಯಿತೆಂದು ನಾನು ಬಲ್ಲವನಲ್ಲ. ಆದರೆ ಹಾಗಾಗಲು ಒಂದು ದಾರಿ ಹೀಗಿದೆ: ಚೆಕ್‌ಪಾಯಿಂಟಿಗೆ ಹಿಂತಿರುಗಿದ ಗಣಕ ಕೆಲವು ಖರೀದಿಗಳನ್ನು ಎರಡನೆಯ ಬಾರಿ ಓದುತ್ತದೆ. ಖಾತೆಯೂ ಹಿಂದಕ್ಕೆ ಸರಿದಿರುವುದರಿಂದ ಎಣಿಕೆ ಸರಿಯಾಗಿಯೇ ಇರುತ್ತದೆ. ಈಗಾಗಲೇ ತಮ್ಮ ಫೋನಿಗೆ ಹೊರಟುಹೋದ ಸಂದೇಶವನ್ನು ಮಾತ್ರ ಹಿಂದಕ್ಕೆ ಕರೆಯಲು ಬಾರದು. ಅದನ್ನು ತಪ್ಪಿಸಬೇಕಾದರೆ ಚೆಕ್‌ಪಾಯಿಂಟ್ ಪೂರ್ಣವಾಗುವವರೆಗೆ ಸಂದೇಶವನ್ನು ತಡೆಹಿಡಿಯಬೇಕು, ಇಲ್ಲವೆ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಕೊಟ್ಟು, ಕಳುಹಿಸುವ ವ್ಯವಸ್ಥೆಯೇ ಎರಡನೆಯದನ್ನು ಬಿಟ್ಟುಬಿಡುವಂತೆ ಮಾಡಬೇಕು. ಮೊದಲನೆಯದರಿಂದ ಎಚ್ಚರಿಕೆ ತಡವಾಗುತ್ತದೆ. ಕಾರ್ಡ್ ಕಳುವಾಗಿರುವಾಗ ತಡವಾಗಿ ಬಂದ ಒಂದು ಸಂದೇಶ ಬೇಕೋ, ತಕ್ಷಣ ಬಂದ ಎರಡು ಬೇಕೋ ಎಂದು ನಾನು ಕೇಳಿದೆ. "ಎರಡೇ ಬರಲಿ ಬಿಡಿ" ಎಂದು ನಕ್ಕು, ಅವರು ಪಾನಕದ ಲೋಟ ಕೈಗೆತ್ತಿಕೊಂಡರು.