ಹಳ್ಳಿಯೋ, ಹಲ್ಲಿಯೋ? ಪರದೆಯ ಮೇಲಿನ ಕನ್ನಡ ಪಾಠ

ದೋಹಾ ನಗರದ ನಡುವಿನಲ್ಲಿರುವ ಬಿನ್ ಮಹಮೂದ್ ಬಡಾವಣೆಯಲ್ಲಿ ಬಹುಮಹಡಿ ಕಟ್ಟಡಗಳಿವೆ, 2019ರ ನವೆಂಬರಿನಲ್ಲಿ ಆರಂಭವಾದ ಮೆಟ್ರೋ ನಿಲ್ದಾಣವಿದೆ. ಇಲ್ಲದಿರುವುದು ಬೀದಿಯ ಕನ್ನಡ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ, ಅಂಗಡಿಯಲ್ಲಿ ಮಲಯಾಳ, ಫಲಕಗಳ ಮೇಲೆ ಅರಬ್ಬಿ ಕಾಣುತ್ತಾ ಬೆಳೆಯುತ್ತಾರೆ. ಕನ್ನಡವೆಂದರೆ ಅಪ್ಪ ಅಮ್ಮನ ಮಾತು, ಊರಿನ ಅಜ್ಜಿಯ ಫೋನು, ವಾರಕ್ಕೊಮ್ಮೆಯ ಕನ್ನಡ ತರಗತಿ.

2020ರ ಮಾರ್ಚ್ 10ರಿಂದ ಕೊರೋನಾ ಕಾರಣಕ್ಕೆ ಕತಾರಿನ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಪರದೆಗೆ ಬಂತು. ಶಾಲೆಗಳು ಮತ್ತೆ ತೆರೆದವು. ಆದರೆ ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳಿಗೆ ಆನ್‌ಲೈನ್ ತರಗತಿ ಇಂದಿಗೂ ದೊಡ್ಡ ಆಸರೆ. ಅದನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ?

ಮೊದಲು ಧ್ವನಿ. ಗಣಿತದ ಪಾಠದಲ್ಲಿ ಒಂದು ಮಾತು ಅಸ್ಪಷ್ಟವಾದರೂ ಅಂಕಿ ಕಣ್ಣಿಗೆ ಕಾಣುತ್ತದೆ. ಭಾಷೆಯ ಪಾಠದಲ್ಲಿ ಶಬ್ದವೇ ಪಾಠ. ‘ಅಜ್ಜಿ ಹಳ್ಳಿಯಲ್ಲಿದ್ದಾರೆ’ ಎಂಬುದು ‘ಹಲ್ಲಿಯಲ್ಲಿದ್ದಾರೆ’ ಆದರೆ ನಗು ಬರುತ್ತದೆ, ನಿಜ. ಆದರೆ ಕೇಳಿಸದ ‘ಳ’ಕಾರವನ್ನು ಮಗು ಕಲಿಯುವುದಾದರೂ ಹೇಗೆ? ಹಳೆಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಒಯ್ಯುತ್ತಿತ್ತು. ‘ಸ’ಕಾರದ ಬಲವೆಲ್ಲ ಬಹುಪಾಲು ಅದಕ್ಕೂ ಮೇಲಿನದು. ಹಾಗಾಗಿಯೇ ಫೋನಿನಲ್ಲಿ ಹೆಸರು ಹೇಳುವಾಗ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಇಂದಿನ ಝೂಮ್, ಟೀಮ್ಸ್‌ಗಳು ಅದಕ್ಕಿಂತ ಹೆಚ್ಚನ್ನು ಒಯ್ಯುತ್ತವೆ. ಕೆಡಿಸುವುದು ಹೆಚ್ಚಾಗಿ ನಮ್ಮ ಕೋಣೆ.

ದೋಹಾದ ಬೇಸಿಗೆಯಲ್ಲಿ ಏ.ಸಿ. ಆರಿಸುವಂತಿಲ್ಲ. ಅದರ ಗುಂಯ್‌ಗುಡುವಿಕೆಯ ನಡುವೆ ಲ್ಯಾಪ್‌ಟಾಪಿನ ಮೈಕು ಮಗುವಿನ ಧ್ವನಿಯನ್ನು ದೂರದಿಂದ ಹಿಡಿಯಬೇಕು. ಇದಕ್ಕೆ ಸುಲಭ ಪರಿಹಾರ ಮೈಕಿರುವ ಸಾಧಾರಣ ಹೆಡ್‌ಫೋನು. ಮೈಕು ಬಾಯಿಯ ಮೂಲೆಯಿಂದ ಎರಡು ಬೆರಳು ದೂರವಿರಲಿ. ನೇರ ಮುಂದಿಟ್ಟರೆ ಉಸಿರು ಬಡಿಯುತ್ತದೆ. ಪ್ರತಿಧ್ವನಿಯ ಕಾಟವೂ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಈ ತಂತ್ರಾಂಶಗಳಲ್ಲಿ ಗದ್ದಲ ತಗ್ಗಿಸುವ ವ್ಯವಸ್ಥೆ ಇರುತ್ತದೆ. ಅದನ್ನು ಅತಿ ಹೆಚ್ಚಿಗೆ ಇಟ್ಟರೆ ‘ಹ’ಕಾರದ, ಮಹಾಪ್ರಾಣದ ಮೆಲ್ಲನೆಯ ಉಸಿರೂ ಗದ್ದಲದ ಲೆಕ್ಕಕ್ಕೆ ಸೇರಿಹೋಗಬಹುದು, ‘ಹಾಲು’ ‘ಆಲು’ ಆದೀತು. ಉಚ್ಚಾರಣೆ ಕಲಿಸುವಾಗ ಅದನ್ನು ತಗ್ಗಿಸಿ.

ಕಾಗುಣಿತವನ್ನು ಒಕ್ಕೊರಲಿನಲ್ಲಿ ಹೇಳಿಸುವುದು ನಮ್ಮ ಹಳೆಯ ರೂಢಿ. ಪರದೆಯಲ್ಲಿ ಇದು ನಡೆಯದು. ಸುಗಮ ಸಂಭಾಷಣೆಗೆ ಧ್ವನಿ 150 ಮಿಲಿಸೆಕೆಂಡಿನೊಳಗೆ ಆಚೆ ಕಡೆಗೆ ತಲುಪಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಮಾತಿಗೆ ಅಷ್ಟು ಸಾಕು, ಒಟ್ಟಿಗೆ ಹಾಡಲು ಸಾಲದು. ಹತ್ತು ಮಕ್ಕಳು ಹೇಳಿದರೆ ಹತ್ತು ಹೊತ್ತಿಗೆ ಕೇಳಿಸುತ್ತದೆ. ಎಲ್ಲರ ಮೈಕು ಮುಚ್ಚಿರಲಿ. ಟೀಚರೊಂದಿಗೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಗಟ್ಟಿಯಾಗಿ ಹೇಳಲಿ. ಆಮೇಲೆ ಒಬ್ಬೊಬ್ಬರದನ್ನೇ ತೆರೆದು ಕೇಳಿ.

ಇನ್ನು ಚಿತ್ರ. ಬೆಳಕು ಮುಖದ ಮೇಲಿರಬೇಕು, ಬೆನ್ನ ಹಿಂದಲ್ಲ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಮುಖ ಕಪ್ಪಾಗುತ್ತದೆ. ಬಾಯಿ ಸ್ವಲ್ಪ ತೆರೆದು ‘ಳ’ ಹೇಳಿದರೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗುವುದು ಕಾಣುತ್ತದೆ. ಪುಸ್ತಕ ತೋರಿಸಲಾರದ್ದನ್ನು ಇಲ್ಲಿ ಕ್ಯಾಮೆರಾ ತೋರಿಸುತ್ತದೆ. ಅಕ್ಷರ ತಿದ್ದಿಸಲು ಇನ್ನೊಂದು ಮೊಬೈಲನ್ನು ಎರಡು ಪುಸ್ತಕದ ರಾಶಿಗಳ ನಡುವೆ ಕೆಳಮುಖವಾಗಿಟ್ಟು ತರಗತಿಗೆ ಸೇರಿಸಿಕೊಳ್ಳಿ, ಧ್ವನಿ ಮುಚ್ಚಿಡಿ. ಬರೆಯುವ ಕೈ, ಅಕ್ಷರದ ತಿರುವು ಎರಡೂ ಕಾಣುತ್ತವೆ. ಸಂಪರ್ಕ ನಿಧಾನವಾದರೆ ಮೊದಲು ಚಿತ್ರ ಬಿಡಿ, ಧ್ವನಿ ಉಳಿಸಿಕೊಳ್ಳಿ. ಹಾಡು ಕೇಳಿಸುವಾಗ ಪರದೆಯ ಜೊತೆ ಧ್ವನಿಯನ್ನೂ ಹಂಚುವ ಗುರುತನ್ನು ಒತ್ತುವುದು ಮರೆಯಬೇಡಿ.

ಕೊನೆಯದಾಗಿ ಒಂದು ಸಲಹೆ. ನಮ್ಮ ಶುಕ್ರವಾರದ ಬೆಳಗಿನ 9 ಗಂಟೆಗೆ ಊರಿನಲ್ಲಿ 11.30. ತಿಂಗಳಿಗೊಮ್ಮೆ ಯಾರದಾದರೂ ಅಜ್ಜಿಯನ್ನೋ ತಾತನನ್ನೋ ತರಗತಿಗೆ ಕರೆಯಿರಿ. ಹತ್ತು ನಿಮಿಷ ಒಂದು ಕಥೆ ಸಾಕು. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಮೈಸೂರಿನ ಕನ್ನಡ ಮೂರೂ ಮಕ್ಕಳ ಕಿವಿಗೆ ಬೀಳಲಿ. ಭಾಷೆ ಮೊದಲು ಉಳಿಯುವುದು ಕಿವಿಯಲ್ಲಿ. ಕಿವಿಗೆ ಸರಿಯಾಗಿ ಬಿದ್ದರೆ ನಾಲಿಗೆಗೆ ತಾನಾಗಿ ಬರುತ್ತದೆ.