ಅಪೀಲಿನಿಂದ ಮರಳಿದ ತೆರಿಗೆ ಕಡತ: ಅಧಿಕಾರಿಯ ಅಧಿಕಾರ ಎಲ್ಲಿಯವರೆಗೆ?



ಅಪೀಲಿನಲ್ಲಿ ತೀರ್ಪಾಗಿ ಕಡತವು ಮರುಪರಿಶೀಲನೆಗೆಂದು ಕೆಳಗಿನ ಆದಾಯ ತೆರಿಗೆ ಅಧಿಕಾರಿಗೆ ಮರಳಿದಾಗ ಸಹಕಾರ ಸಂಘಗಳಲ್ಲಿ ಏಳುವ ಪ್ರಶ್ನೆ ಒಂದೇ: ಅವರು ಮೊದಲಿನಿಂದ ಎಲ್ಲವನ್ನೂ ಕೆದಕಬಹುದೇ? ಇದಕ್ಕೆ ಉತ್ತರ ಮರಳಿ ಕಳುಹಿಸಿದ ಆದೇಶದಲ್ಲಿಯೇ ಇರುತ್ತದೆ. ನಿರ್ಧಾರಣೆಯನ್ನು ಪೂರ್ತಿ ರದ್ದುಪಡಿಸಿ ಹೊಸದಾಗಿ ಮಾಡಿರೆಂದಿದ್ದರೆ ಅಧಿಕಾರಿಗೆ ವಿಶಾಲವಾದ ಅವಕಾಶವಿದೆ. ಒಂದೇ ಅಂಶಕ್ಕಾಗಿ ಕಳುಹಿಸಿದ್ದರೆ ವಿಚಾರಣೆಯೂ ಆ ಅಂಶಕ್ಕೇ ಸೀಮಿತ.

ಭೋಪಾಲ್ ಸಕ್ಕರೆ ಕಂಪನಿಯ ಪ್ರಕರಣ ಇಲ್ಲಿ ಸ್ಮರಣೀಯ. ಸ್ವಂತ ಜಮೀನಿನ ಕಬ್ಬಿಗೆ ಬೆಲೆ ಕಟ್ಟುವಾಗ ಸರಾಸರಿ ಸಾಗಣೆ ವೆಚ್ಚವನ್ನು ಸೇರಿಸಬೇಕೆಂದು ಟ್ರಿಬ್ಯೂನಲ್ ನಿರ್ದೇಶಿಸಿತ್ತು. ಅಧಿಕಾರಿ ಅದನ್ನು ಪಾಲಿಸಲಿಲ್ಲ. ಮೇಲಿನವರ ಆದೇಶ ತಪ್ಪೆಂದು ತೋರಿದರೂ ಕೆಳಗಿನವರು ಅದಕ್ಕೆ ಬದ್ಧರು, ಪಾಲಿಸದಿರುವುದು ನ್ಯಾಯ ನಿರಾಕರಣೆ ಎಂದು ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ಹೇಳಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬು ಬೆಳೆಗಾರರಿಗೆ ಇನ್ನೂ ಹತ್ತಿರದ್ದು ನೆರೆಯ ಸಾಂಗಲಿ ಜಿಲ್ಲೆಯ ತಾಸಗಾಂವ ತಾಲ್ಲೂಕು ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಕರಣ. ಶಾಸನಬದ್ಧ ಕನಿಷ್ಠ ಬೆಲೆಗಿಂತ ಹೆಚ್ಚಾಗಿ ರೈತರಿಗೆ ಕೊಟ್ಟ ಹಣ ಕಬ್ಬಿನ ಬೆಲೆಯೋ, ಲಾಭದ ಹಂಚಿಕೆಯೋ ಎಂಬುದೇ ವಿವಾದ. 2019ರ ಮಾರ್ಚ್ 5ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಚ್ಚುವರಿ ಹಣವೆಲ್ಲ ಲಾಭವಲ್ಲ, ಅದರಲ್ಲಿರುವ ಲಾಭಾಂಶವನ್ನು ಮಾತ್ರ ಬೇರ್ಪಡಿಸಬೇಕು, ಉಳಿದದ್ದು ಖರ್ಚೇ ಎಂದು ಹೇಳಿ, ಲೆಕ್ಕ ಹಾಕಲು ಕಡತಗಳನ್ನು ಅಧಿಕಾರಿಗಳಿಗೆ ಮರಳಿಸಿತು. ಅಂದರೆ ಅವರಿಗೆ ಉಳಿದದ್ದು ಲೆಕ್ಕದ ಕೆಲಸ. ತತ್ತ್ವವನ್ನು ಮತ್ತೆ ತೀರ್ಮಾನಿಸುವ ಅಧಿಕಾರವಲ್ಲ. ಸರ್ಕಾರ ನಿಗದಿಪಡಿಸಿದ ಅಥವಾ ಒಪ್ಪಿದ ಬೆಲೆಯವರೆಗಿನ ಪಾವತಿಗೆ 2016-17ಕ್ಕೂ ಹಿಂದಿನ ನಿರ್ಧಾರಣಾ ವರ್ಷಗಳಲ್ಲಿಯೂ ವಿನಾಯಿತಿ ಕೇಳಲು 2023ರ ಹಣಕಾಸು ಕಾಯ್ದೆ ದಾರಿ ಮಾಡಿತು.

ನಮ್ಮದು ಕಾಫಿ, ಅಡಿಕೆಯ ಸಂಘವೆಂದು ಸುಮ್ಮನಿರುವಂತಿಲ್ಲ. ವರ್ಷಾಂತ್ಯದಲ್ಲಿ ಬೆಳೆಗಾರನಿಗೆ ಹೆಚ್ಚುವರಿ ದರ ಕೊಡುವ ಯಾವ ಸಂಘಕ್ಕೂ ಇದೇ ಪ್ರಶ್ನೆ ಬರಬಹುದು.

ಆದ್ದರಿಂದ ಕಡತ ಮರಳಿದ ಕೂಡಲೇ ಆದೇಶದ ಕೊನೆಯ ಪ್ಯಾರಾವನ್ನು ಆಡಳಿತ ಮಂಡಳಿಯಲ್ಲಿ ಓದಿಸಿರಿ. ಕೇಳಿದ ಅಂಶಕ್ಕೆ ಬೇಕಾದ ಲೆಕ್ಕಪತ್ರ, ಠರಾವು, ರಸೀದಿಗಳನ್ನು ಪಟ್ಟಿಯೊಡನೆ ಸಲ್ಲಿಸಿರಿ. ನೋಟೀಸು ಆದೇಶದ ಎಲ್ಲೆ ಮೀರಿದ್ದರೆ ಲಿಖಿತ ಆಕ್ಷೇಪಣೆ ದಾಖಲಿಸಿರಿ. ಮುಂದಿನ ಅಪೀಲಿಗೆ ಅದೇ ಆಧಾರ. ಅವಧಿಯನ್ನೂ ಗಮನಿಸಿರಿ. 1961ರ ಕಾಯ್ದೆಯ 153ನೇ ಕಲಮಿನ ಪ್ರಕಾರ, ಟ್ರಿಬ್ಯೂನಲ್ ರದ್ದುಪಡಿಸಿದ ನಿರ್ಧಾರಣೆಯನ್ನು, ಆದೇಶ ಕಮಿಷನರರಿಗೆ ತಲುಪಿದ ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹೊಸದಾಗಿ ಮಾಡಿ ಮುಗಿಸಬೇಕು.

ಅಪೀಲು ಗೆದ್ದೆವೆಂದು ದಾಖಲೆಗಳನ್ನು ಕಟ್ಟಿ ಅಟ್ಟಕ್ಕೇರಿಸಬಾರದು. ಮರಳಿ ಬಂದ ಕಡತದಲ್ಲಿ ಬೆಳೆಗಾರನ ಬೆಲೆ ಉಳಿಯುವುದು ಆ ದಾಖಲೆಗಳಿಂದಲೇ.