ತೂಕ ಏರಿದರೆ ಕೀರ್ತಿಯೂ ಏರುವುದೇ?

2003ರ ಮಾರ್ಚ್ 1ರ ರಾತ್ರಿ ಲಾಸ್ ವೇಗಸ್‌ನಲ್ಲಿ ರಾಯ್ ಜೋನ್ಸ್ ಜೂನಿಯರ್ ಅವರು ಹೆವಿವೇಟ್ ಚಾಂಪಿಯನ್ ಜಾನ್ ರುಯಿಜ್ ಎದುರು ರಿಂಗ್‌ಗೆ ಇಳಿದಾಗ ಜೋನ್ಸ್ ತೂಕ 193 ಪೌಂಡ್, ರುಯಿಜ್ ತೂಕ 226. ನಡುವಿನ ಅಂತರ ಸುಮಾರು 15 ಕಿಲೊ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಜೋನ್ಸ್ ಅವರಿಗೇ ಗೆಲುವು ನೀಡಿದರು. ಮಿಡ್ಲ್‌ವೇಟ್ ಚಾಂಪಿಯನ್ ಆಗಿದ್ದವರೊಬ್ಬರು ಹೆವಿವೇಟ್ ಪ್ರಶಸ್ತಿ ಗೆದ್ದದ್ದು 1897ರ ನಂತರ ಅದೇ ಮೊದಲು. ಅಂದು ಆ ಸಾಧನೆ ಮಾಡಿದ್ದವರು ಬಾಬ್ ಫಿಟ್ಜ್‌ಸಿಮನ್ಸ್.

ಅಭಿಮಾನಿಗಳ ಪಾಲಿಗೆ ಜೋನ್ಸ್ ಅವರ ಕೀರ್ತಿ ಅಂದು ಶಿಖರ ಮುಟ್ಟಿತು. ಆ ಶಿಖರದಿಂದ ಇಳಿದ ಕತೆಯನ್ನು ಮಾತ್ರ ಯಾರೂ ಸಂಭ್ರಮದಿಂದ ಹೇಳುವುದಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅವರು 175 ಪೌಂಡ್‌ನ ಲೈಟ್ ಹೆವಿವೇಟ್‌ಗೆ ಮರಳಿದರು. ಅಂದರೆ ಎಂಟು ತಿಂಗಳಲ್ಲಿ, ಶ್ರಮಪಟ್ಟು ಕಟ್ಟಿಕೊಂಡ ಸ್ನಾಯುವನ್ನು ಅಷ್ಟೇ ಶ್ರಮಪಟ್ಟು ಕರಗಿಸಿದರು. ಆಂಟೊನಿಯೊ ಟಾರ್ವರ್ ವಿರುದ್ಧ ಹೇಗೋ ಗೆದ್ದರು. 2004ರ ಮೇ ತಿಂಗಳಲ್ಲಿ ಅದೇ ಟಾರ್ವರ್ ಎರಡನೇ ಸುತ್ತಿನಲ್ಲೇ ಅವರನ್ನು ಕೆಡವಿದರು. ಸೆಪ್ಟೆಂಬರ್‌ನಲ್ಲಿ ಗ್ಲೆನ್ ಜಾನ್ಸನ್ ಎದುರು ಒಂಬತ್ತನೇ ಸುತ್ತಿನಲ್ಲಿ ಮತ್ತೆ ನೆಲಕಚ್ಚಿದರು. ಅದುವರೆಗೆ ಅವರ ದಾಖಲೆಯಲ್ಲಿದ್ದ ಏಕೈಕ ಸೋಲು 1997ರಲ್ಲಿ ಅನರ್ಹತೆಯಿಂದ ಬಂದದ್ದು. ವಯಸ್ಸು 35 ಆಗಿತ್ತು, ನಿಜ. ಆದರೆ ಆ ಹತ್ತುವಿಳಿಯುವಿಕೆಯ ಪಾಲು ಅದರಲ್ಲಿ ಏನೂ ಇಲ್ಲ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ರುಯಿಜ್ ಬಳಿ ಇದ್ದದ್ದು ಡಬ್ಲ್ಯುಬಿಎ ಬೆಲ್ಟ್ ಮಾತ್ರ. ಜಗತ್ತು ನಿಜವಾದ ಹೆವಿವೇಟ್ ಚಾಂಪಿಯನ್ ಎಂದು ಒಪ್ಪಿದ್ದು ಲೆನಾಕ್ಸ್ ಲೂಯಿಸ್ ಅವರನ್ನು. ಜೋನ್ಸ್ ಏರಿದ ಮೆಟ್ಟಿಲು ಎತ್ತರದ್ದೇ. ಆದರೆ ಅತ್ಯಂತ ಎತ್ತರದ್ದಾಗಿರಲಿಲ್ಲ.

ಬಾಕ್ಸರ್ ಒಬ್ಬರು ತಮ್ಮ ತೂಕದಲ್ಲಿ ಅಜೇಯರಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: ‘ಮೇಲಕ್ಕೆ ಯಾವಾಗ?’ ಈ ಪ್ರಶ್ನೆಗೆ ಒಂದು ಕಾಲದಲ್ಲಿ ಅರ್ಥವಿತ್ತು. ಹೆನ್ರಿ ಆರ್ಮ್‌ಸ್ಟ್ರಾಂಗ್ ಅವರ ಕಾಲಕ್ಕೆ ಪ್ರಧಾನವಾಗಿ ಎಂಟೇ ತೂಕ ವಿಭಾಗಗಳು. 1937ರ ಅಕ್ಟೋಬರ್‌ನಿಂದ 1938ರ ಆಗಸ್ಟ್‌ವರೆಗಿನ ಹತ್ತು ತಿಂಗಳಲ್ಲಿ ಅವರು ಫೆದರ್‌ವೇಟ್, ವೆಲ್ಟರ್‌ವೇಟ್, ಲೈಟ್‌ವೇಟ್ ಪ್ರಶಸ್ತಿಗಳನ್ನು ಗೆದ್ದು, ಮೂರನ್ನೂ ಏಕಕಾಲಕ್ಕೆ ಇಟ್ಟುಕೊಂಡರು. ಇಂದು ವಿಭಾಗಗಳು ಕನಿಷ್ಠ 17, ಪ್ರಶಸ್ತಿ ಕೊಡುವ ಪ್ರಮುಖ ಸಂಸ್ಥೆಗಳು ನಾಲ್ಕು. ಗುಣಿಸಿ ನೋಡಿ, 68 ಬೆಲ್ಟ್. ಕೆಳಗಿನ ವಿಭಾಗಗಳಲ್ಲಂತೂ ಒಂದಕ್ಕೂ ಇನ್ನೊಂದಕ್ಕೂ ಮೂರು-ನಾಲ್ಕು ಪೌಂಡ್‌ಗಳ ಅಂತರ. ಹಬ್ಬದೂಟ ಗಟ್ಟಿಯಾಗಿ ಮಾಡಿದರೆ ದಾಟಿಬಿಡಬಹುದಾದಷ್ಟು! ‘ನಾಲ್ಕು ವಿಭಾಗಗಳ ಚಾಂಪಿಯನ್’ ಎಂಬ ಬಿರುದು ಕೇಳಿದೊಡನೆ, ಯಾರನ್ನು ಸೋಲಿಸಿ ಎಂದು ವಿಚಾರಿಸುವುದು ಒಳ್ಳೆಯದು.

ಎಲ್ಲ ಏರಿಕೆಯೂ ಮಹತ್ವಾಕಾಂಕ್ಷೆಯಿಂದ ಹುಟ್ಟಿದ್ದಲ್ಲ. ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ 112 ಪೌಂಡ್‌ನ ಫ್ಲೈವೇಟ್‌ನಿಂದ 154 ಪೌಂಡ್‌ನ ವಿಭಾಗದವರೆಗೆ ಎಂಟು ವಿಭಾಗಗಳಲ್ಲಿ ಗೆದ್ದವರು. ಆ ಯಾತ್ರೆಯ ಆರಂಭ ಸೋಲಿನಿಂದ. 1999ರಲ್ಲಿ ಬೆಳೆಯುತ್ತಿದ್ದ ದೇಹವನ್ನು 112 ಪೌಂಡ್‌ಗೆ ಇಳಿಸಲಾಗದೆ ಅವರು ಪ್ರಶಸ್ತಿಯನ್ನು ತೂಕದ ಯಂತ್ರದ ಮೇಲೆಯೇ ಕಳೆದುಕೊಂಡರು. ಬಸವಳಿದು ರಿಂಗ್‌ಗೆ ಇಳಿದು ಮೂರನೇ ಸುತ್ತಿನಲ್ಲಿ ಬಿದ್ದರು. ಅವರಿಗೆ ಮೇಲಕ್ಕೆ ಹೋಗುವುದೆಂದರೆ ಹೊಟ್ಟೆತುಂಬ ಉಣ್ಣುವುದಾಗಿತ್ತು. ಕೊನೆಯ ಹಂತದಲ್ಲಿ ಒಪ್ಪಂದದ ತೂಕದ ಅನುಕೂಲವನ್ನೂ ಪಡೆದರು: 2010ರಲ್ಲಿ ಮಾರ್ಗರಿಟೊ ಎದುರಿನ ಸೆಣಸಾಟಕ್ಕೆ 154ರ ಬದಲು 150 ಪೌಂಡ್‌ನ ಮಿತಿ ನಿಗದಿಯಾಗಿತ್ತು. ಹಾಗಿದ್ದೂ ಎದುರಿಗಿದ್ದವರು ಅವರಿಗಿಂತ ಬಹಳ ದೊಡ್ಡ ಆಳು.

ಕೆಲ್ ಬ್ರೂಕ್ ಅವರದು ಬೇರೆಯೇ ಕತೆ. 147 ಪೌಂಡ್‌ನ ಈ ಬ್ರಿಟಿಷ್ ಬಾಕ್ಸರ್ 2016ರ ಸೆಪ್ಟೆಂಬರ್‌ನಲ್ಲಿ ಒಂದೇ ನೆಗೆತಕ್ಕೆ 160 ಪೌಂಡ್‌ಗೆ ಹೋಗಿ ಗೆನ್ನಡಿ ಗೊಲೊವ್ಕಿನ್ ಅವರನ್ನು ಎದುರಿಸಿದರು. ಐದನೇ ಸುತ್ತಿನಲ್ಲಿ ತರಬೇತುದಾರ ಟವೆಲ್ ಎಸೆದರು. ಬ್ರೂಕ್ ಅವರ ಕಣ್ಣುಗೂಡಿನ ಮೂಳೆ ಮುರಿದಿತ್ತು. ತಮ್ಮ ತೂಕಕ್ಕೆ ಮರಳಿ ಎರೋಲ್ ಸ್ಪೆನ್ಸ್ ಎದುರು ಆಡಿದ 2017ರ ಪಂದ್ಯದಲ್ಲಿ ಇನ್ನೊಂದು ಕಣ್ಣಿನ ಗೂಡು ಮುರಿಯಿತು, ಪ್ರಶಸ್ತಿಯೂ ಹೋಯಿತು. ತೋಳು ತೊಡೆಗಳಿಗೆ ಮಾಂಸ ತುಂಬಬಹುದು. ತಲೆಬುರುಡೆಗೆ ತುಂಬುವ ವಿದ್ಯೆಯನ್ನು ಯಾವ ತರಬೇತುದಾರರೂ ಕಂಡುಹಿಡಿದಿಲ್ಲ. ಇಂಥ ಪಂದ್ಯಗಳನ್ನು ಕುದುರಿಸುವವರಿಗೆ, ಕುರ್ಚಿಯಲ್ಲಿ ಕುಳಿತು ‘ಮೇಲಕ್ಕೆ ಹೋಗು’ ಎನ್ನುವ ನಮಗೆ ಇದು ಆಗಾಗ ಮರೆತುಹೋಗುತ್ತದೆ.

ನಮ್ಮ ಮೇರಿ ಕೋಮ್ ಅವರಿಗೆ ಆಯ್ಕೆಯೇ ಇರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗಿದ್ದ ಅತಿ ಕಡಿಮೆ ತೂಕದ ವಿಭಾಗ 51 ಕಿಲೊ. ಅವರು ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದದ್ದು 45, 46, 48 ಕಿಲೊಗಳಲ್ಲಿ. ಅವರಿಗೆ ದಕ್ಕಿದ ಕಂಚನ್ನು ತೂಗುವಾಗ ಈ ಕಿಲೊಗಳನ್ನೂ ತಕ್ಕಡಿಯಲ್ಲಿಡಬೇಕು.

ಹಾಗಾದರೆ ಇದ್ದಲ್ಲಿಯೇ ಇದ್ದವರಿಗೆ ಕೀರ್ತಿ ಇಲ್ಲವೇ? ಮಾರ್ವಿನ್ ಹ್ಯಾಗ್ಲರ್ ಅವರನ್ನು ನೋಡಿ. 1980ರಿಂದ 1987ರವರೆಗೆ ಮಿಡ್ಲ್‌ವೇಟ್ ಸಿಂಹಾಸನದಲ್ಲಿ ಕುಳಿತು, ಹನ್ನೆರಡು ಬಾರಿ ಪ್ರಶಸ್ತಿ ಉಳಿಸಿಕೊಂಡರು. ಲೈಟ್ ಹೆವಿವೇಟ್ ಪ್ರಶಸ್ತಿಗೆ ಕೈಚಾಚಲೇ ಇಲ್ಲ. ಬದಲಿಗೆ ಡುರಾನ್, ಹರ್ನ್ಸ್, ಲೆನಾರ್ಡ್ ಒಬ್ಬೊಬ್ಬರಾಗಿ ಕೆಳಗಿನ ತೂಕಗಳಿಂದ ಹತ್ತಿ ಅವರ ಮನೆಬಾಗಿಲಿಗೆ ಬಂದರು. ಲೆನಾರ್ಡ್ ಎದುರು ಸೋತ ಮೇಲೆ ಹ್ಯಾಗ್ಲರ್ ಮತ್ತೆ ರಿಂಗ್‌ಗೆ ಇಳಿಯಲಿಲ್ಲ. 2021ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಹರ್ನ್ಸ್ ವಿರುದ್ಧ 1985ರಲ್ಲಿ ನಡೆದ ಆ ಮೂರು ಸುತ್ತುಗಳನ್ನು. ಏರಬೇಕಿದ್ದರೆ ಎದುರಾಳಿಗಾಗಿ ಏರಬೇಕು, ಬೆಲ್ಟ್‌ಗಾಗಿ ಅಲ್ಲ ಎಂದು ನಾನು ವಾದಿಸುವುದು ಇಂಥವರನ್ನು ನೋಡಿಯೇ. ಎದುರಾಳಿಗಳೇ ಬಂದು ಬಾಗಿಲು ತಟ್ಟುತ್ತಿದ್ದರೆ ಏರುವ ಅಗತ್ಯವಾದರೂ ಏನು?

ಎದುರಾಳಿಗಾಗಿ ಏರಿದವರ ಈಚಿನ ಉದಾಹರಣೆ ಟೆರೆನ್ಸ್ ಕ್ರಾಫರ್ಡ್. 140 ಮತ್ತು 147 ಪೌಂಡ್‌ಗಳಲ್ಲಿ ನಿರ್ವಿವಾದ ಚಾಂಪಿಯನ್ ಆಗಿದ್ದ ಅವರು, 154 ಪೌಂಡ್‌ನಲ್ಲಿ ಒಂದೇ ಪಂದ್ಯವಾಡಿ, 2025ರ ಸೆಪ್ಟೆಂಬರ್ 13ರಂದು 168 ಪೌಂಡ್‌ಗೆ ಜಿಗಿದರು. ನಡುವಿನ 160ರ ಮೆಟ್ಟಿಲನ್ನು ತುಳಿಯಲೇ ಇಲ್ಲ. ಅಲ್ಲಿ ಸುಲಭದ ಬೆಲ್ಟ್ ಹುಡುಕದೆ, ಆ ತೂಕದ ಒಡೆಯ ಕ್ಯಾನೆಲೊ ಅಲ್ವಾರೆಜ್ ಅವರನ್ನೇ ಎದುರಿಸಿದರು. ಆಗ ಕ್ರಾಫರ್ಡ್ ವಯಸ್ಸು 37. ಮೂವರು ತೀರ್ಪುಗಾರರೂ ಅವರನ್ನೇ ಗೆಲ್ಲಿಸಿದರು. ಮೂರು ತಿಂಗಳ ನಂತರ, ಆಡಿದ 42ರಲ್ಲಿ 42ನ್ನೂ ಗೆದ್ದ ದಾಖಲೆಯೊಂದಿಗೆ ನಿವೃತ್ತಿ ಘೋಷಿಸಿದರು. ಕೆಳಗಿಳಿದು ಮತ್ತೆ 154ರ ತಕ್ಕಡಿ ಹತ್ತುವ ಗೋಜಿಗೆ ಹೋಗಲಿಲ್ಲ.